ನೆಲದ ಏರುತಗ್ಗು ಹಾಳೆಗೆ ಇಳಿಯುವ ಬಗೆ

ಕೋಪರಿಯಂಥ ಊರಿನಲ್ಲಿ ನೆಲದ ಎತ್ತರವನ್ನು ತಿಳಿಯುವುದು ಎಂಜಿನಿಯರರಿಗೆ ಮಾತ್ರ ಬಿಟ್ಟ ಸಂಗತಿಯಾಗಲಾರದು. ಒಂದು ಕಡೆ ರೈಲುಹಾದಿ, ಇನ್ನೊಂದು ಕಡೆ ಠಾಣೆಯ ಖಾಡಿ. ನಡುವೆ ವಾಸಿಸುವ ನಮಗೆ ಅರ್ಧ ಮೀಟರಿನ ಏರುತಗ್ಗೆಂದರೆ ಮಳೆಗಾಲದಲ್ಲಿ ಒಣಗಿದ ಮನೆಗೂ ತೊಯ್ದ ಮನೆಗೂ ಇರುವ ಅಂತರ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದೊಳಗೆ 944 ಮಿಲಿಮೀಟರ್ ಮಳೆ ಬಿದ್ದದ್ದನ್ನು ಈ ಭಾಗದವರಾರೂ ಮರೆತಿಲ್ಲ. 2019ರ ಜುಲೈ 27ರಂದು ಉಲ್ಹಾಸ್ ನದಿ ಉಕ್ಕಿ, ಕಲ್ಯಾಣದಾಚೆ ವಾಂಗಣಿಯ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಗಾಡಿ ನೀರಿನ ನಡುವೆ ನಿಂತುಹೋಯಿತು. ಸಾವಿರಕ್ಕೂ ಮಿಕ್ಕ ಪ್ರಯಾಣಿಕರನ್ನು ದೋಣಿಗಳಲ್ಲಿ ಹೊರತರಬೇಕಾಯಿತು.

ಈಗ ಹಳೆಯ ಕಟ್ಟಡಗಳನ್ನು ಕೆಡವಿ ಹೊಸದನ್ನು ಕಟ್ಟುವ ಕೆಲಸ ಎಲ್ಲೆಡೆಯೂ ನಡೆದಿದೆ. ಆಗ ಸೊಸೈಟಿಯ ಸಭೆಯ ಮುಂದೆ ಒಂದು ನಕ್ಷೆ ಬರುತ್ತದೆ. ಅದರ ತುಂಬ ಸುಳಿಸುಳಿಯಾದ ಗೆರೆಗಳು, ಸಣ್ಣ ಸಣ್ಣ ಅಂಕಿಗಳು. “ಕಂಪ್ಯೂಟರ್ ಬರೆದದ್ದು, ತಪ್ಪಿರಲಾರದು” ಎಂದು ನಮ್ಮಲ್ಲಿ ಹಲವರು ಸಹಿ ಹಾಕಿಬಿಡುತ್ತೇವೆ. ಆದರೆ ಕಂಪ್ಯೂಟರಿಗೆ ನೆಲ ಕಾಣುವುದಿಲ್ಲ. ಅದಕ್ಕೆ ಕಾಣುವುದು ನಾವು ಕೊಟ್ಟ ಅಂಕಿಗಳು ಮಾತ್ರ. ಆ ಅಂಕಿಗಳು ಎಲ್ಲಿಂದ ಬರುತ್ತವೆ, ನಕ್ಷೆಯಾಗಿ ಹೇಗೆ ಮಾರ್ಪಡುತ್ತವೆ, ತಪ್ಪು ಎಲ್ಲೆಲ್ಲಿ ನುಸುಳಬಹುದು ಎಂಬುದನ್ನು ಈ ಪಾಠದಲ್ಲಿ ಕ್ರಮವಾಗಿ ನೋಡೋಣ. ನಕ್ಷೆಗೆ ಸಹಿ ಹಾಕುವವರಿಗೂ, ಈ ಕಸುಬನ್ನು ಕಲಿಯಬಯಸುವ ನಮ್ಮ ತರುಣರಿಗೂ ಇದು ಉಪಯೋಗಕ್ಕೆ ಬಂದೀತು.

1. ಸರಪಳಿಯ ಕಾಲ

ಅಳತೆಯ ವಿದ್ಯೆ ನಮ್ಮವರಿಗೆ ಹೊಸದೇನೂ ಅಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಆದ್ದರಿಂದ ಠಾಣೆ ಜಿಲ್ಲೆಯ ಹೊಲಗಳನ್ನು ಅಳೆದ ಪದ್ಧತಿಯೇ ಅಲ್ಲಿಯ ಹೊಲಗಳನ್ನೂ ಅಳೆಯಿತು. 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಈ ಪದ್ಧತಿಗೆ ರೂಪ ಕೊಟ್ಟರು. ಮುಂದೆ ವಿಂಗೇಟನೇ ಧಾರವಾಡದ ಕಡೆಯ ಮೋಜಣಿಗೆ ಮುಖ್ಯಸ್ಥನಾದನು. 33 ಅಡಿ ಉದ್ದದ ಸರಪಳಿ. ಅದಕ್ಕೆ 16 ಆಣೆಗಳ ಭಾಗ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಎಂದರೆ 1089 ಚದರ ಅಡಿ. ಅಂಥ 40 ಗುಂಟೆ ಕೂಡಿದರೆ ಒಂದು ಎಕರೆ. ಊರಿನ ಪಹಣಿಯಲ್ಲಿಯೂ ಇಲ್ಲಿಯ ಸಾತ್‌ಬಾರಾ ಉತಾರದಲ್ಲಿಯೂ ಸರ್ವೆ ನಂಬರು ಎಂಬ ಮಾತು ಒಂದೇ ಆಗಿರುವುದಕ್ಕೆ ಕಾರಣ ಇದೇ.

ಆ ಹಳೆಯ ನಕ್ಷೆಗಳು ಹೊಲದ ಮೇರೆಯನ್ನೂ ವಿಸ್ತೀರ್ಣವನ್ನೂ ತೋರಿಸುತ್ತಿದ್ದವು. ಕಂದಾಯ ಕಟ್ಟಲು ಅಷ್ಟು ಸಾಕಾಗಿತ್ತು. ನೆಲ ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂಬುದು ಅವುಗಳಲ್ಲಿ ಇರಲಿಲ್ಲ. ಮೇರೆಯ ಜೊತೆಗೆ ಏರುತಗ್ಗನ್ನೂ, ರಸ್ತೆ, ನಾಲಾ, ಮರ, ಕಂಬ, ಗೋಡೆಗಳನ್ನೂ ತೋರಿಸುವ ನಕ್ಷೆಗೆ ಭೂಸ್ವರೂಪ ನಕ್ಷೆ ಎನ್ನುತ್ತಾರೆ. ಕಟ್ಟುವ ಕೆಲಸಕ್ಕೆ ಬೇಕಾದದ್ದು ಇದು.

ಈ ನಕ್ಷೆಯ ಜೀವಾಳ ಸಮೋನ್ನತಿ ರೇಖೆ. ಕಚೇರಿಗಳಲ್ಲಿ ಇದನ್ನು ಕಾಂಟೂರ್ ಎನ್ನುವುದೇ ರೂಢಿ. ಬೇಸಗೆಯಲ್ಲಿ ಊರ ಕೆರೆಯ ನೀರು ಸ್ವಲ್ಪ ಸ್ವಲ್ಪವಾಗಿ ಇಳಿಯುವಾಗ ದಂಡೆಯ ಮಣ್ಣಿನಲ್ಲಿ ಒಂದರ ಕೆಳಗೊಂದು ಗೆರೆ ಉಳಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಒಂದು ಗೆರೆಯ ಮೇಲಿನ ಎಲ್ಲ ಸ್ಥಳಗಳೂ ಒಂದೇ ಎತ್ತರದಲ್ಲಿರುತ್ತವೆ. ದಂಡೆ ಕಡಿದಾಗಿದ್ದಲ್ಲಿ ಗೆರೆಗಳು ಒತ್ತೊತ್ತಾಗಿ, ಚಪ್ಪಟೆಯಾಗಿದ್ದಲ್ಲಿ ದೂರದೂರವಾಗಿ ಕಾಣುತ್ತವೆ. ನಕ್ಷೆಯ ಮೇಲಿನ ಗೆರೆಗಳೂ ಹಾಗೆಯೇ.

2. ಬಯಲಿನ ಕೆಲಸ

ಈಗಿನ ಮೋಜಣಿದಾರರ ಮುಖ್ಯ ಉಪಕರಣ ಟೋಟಲ್ ಸ್ಟೇಷನ್. ಮುಕ್ಕಾಲಿಯ ಮೇಲೆ ನಿಂತ ಈ ಯಂತ್ರ, ದೂರದಲ್ಲಿ ಒಬ್ಬನು ಕೋಲಿನ ತುದಿಯಲ್ಲಿ ಹಿಡಿದ ಪ್ರಿಸಮ್ ಗಾಜಿಗೆ ಬೆಳಕಿನ ಕಿರಣವನ್ನು ಕಳಿಸಿ, ಮರಳಿ ಬಂದ ಕಿರಣದಿಂದ ದೂರವನ್ನು ಲೆಕ್ಕ ಹಾಕುತ್ತದೆ; ಅಡ್ಡ ಕೋನವನ್ನೂ ಮೇಲುಕೆಳಗಿನ ಕೋನವನ್ನೂ ಕೂಡಿಯೇ ಅಳೆಯುತ್ತದೆ. ಈ ಮೂರರಿಂದ ಆ ಬಿಂದುವಿನ ಸ್ಥಾನವೂ ಎತ್ತರವೂ ದೊರೆಯುತ್ತವೆ.

ಎತ್ತರದ ಲೆಕ್ಕ ಸುಲಭವಾದದ್ದು. ಯಂತ್ರ ನಿಂತ ನೆಲದ ಎತ್ತರ 5.000 ಮೀಟರ್ ಇರಲಿ. ಯಂತ್ರದ ಎತ್ತರ 1.450. ಯಂತ್ರದ ಕಣ್ಣಿಗಿಂತ ಪ್ರಿಸಮ್ 0.820 ಕೆಳಗಿದೆ. ಪ್ರಿಸಮ್ ಕೋಲಿನ ಉದ್ದ 1.500. ಹಾಗಾದರೆ ಕೋಲಿನ ಬುಡದ ನೆಲ:

5.000 + 1.450 – 0.820 – 1.500 = 4.130 ಮೀಟರ್.

ಈಗ ನಡುವೆ ಒಂದು ಕಾರು ಅಡ್ಡ ಬಂದಿತೆಂದು ಕೋಲು ಹಿಡಿದವನು ಅದನ್ನು 2.000 ಮೀಟರಿಗೆ ಏರಿಸಿದನೆನ್ನಿ. ಯಂತ್ರದ ಬಳಿ ಇದ್ದವನಿಗೆ ಕೂಗಿ ಹೇಳಲಿಲ್ಲ. ಯಂತ್ರ 1.500 ಎಂದೇ ಲೆಕ್ಕ ಹಾಕುತ್ತ ಹೋಗುತ್ತದೆ. ಅಲ್ಲಿಂದ ಮುಂದಿನ ಎಲ್ಲ ಬಿಂದುಗಳೂ ಇದ್ದುದಕ್ಕಿಂತ ಅರ್ಧ ಮೀಟರ್ ಎತ್ತರವಾಗಿ ದಾಖಲಾಗುತ್ತವೆ. ನೂರು ಮೀಟರಿಗೆ ಒಂದು ಮೀಟರ್ ಇಳಿಯುವ ನೆಲದಲ್ಲಿ, ಈ ಅರ್ಧ ಮೀಟರ್ ತಪ್ಪು ಕಾಂಟೂರ್ ಗೆರೆಯನ್ನು 50 ಮೀಟರ್ ಆಚೆಗೆ ತಳ್ಳುತ್ತದೆ. ಬಿಸಿಲಲ್ಲಿ ಕೋಲು ಹಿಡಿದು ನಿಲ್ಲುವವನ ಕೆಲಸವನ್ನು ಕೂಲಿಯ ಕೆಲಸವೆಂದು ಎಣಿಸುವುದುಂಟು. ಆದರೆ ನಕ್ಷೆಯ ಸತ್ಯ ಮೊದಲು ಅವನ ಕೈಯಲ್ಲಿ ಇರುತ್ತದೆ.

ಬಿಂದುಗಳನ್ನು ಎಲ್ಲಿ ತೆಗೆದುಕೊಳ್ಳಬೇಕೆಂಬುದೂ ಅಷ್ಟೇ ಮುಖ್ಯ. ಹತ್ತು ಹೆಜ್ಜೆಗೊಂದರಂತೆ ಸಮನಾಗಿ ತೆಗೆದರೆ ಸಾಲದು. ನೆಲದ ಇಳಿಜಾರು ಬದಲಾಗುವ ಎಲ್ಲ ಕಡೆಯೂ ಬಿಂದು ಬೇಕು: ರಸ್ತೆಯ ಅಂಚು, ನಾಲಾದ ಎರಡೂ ದಡ ಮತ್ತು ತಳ, ದಿಬ್ಬದ ನೆತ್ತಿ, ಗೋಡೆಯ ಬುಡ. ಚಪ್ಪಟೆ ಮೈದಾನದ ನಡುವೆ ಕೆಲವೇ ಬಿಂದುಗಳು ಸಾಕು.

3. ಸೊನ್ನೆ ಎಲ್ಲಿದೆ?

ಎತ್ತರವೆಂದರೆ ಯಾವುದೋ ಒಂದು ಸೊನ್ನೆಯಿಂದ ಎಣಿಸಿದ ಅಂಕಿ. ಯಾವ ಸೊನ್ನೆ ಎಂದು ಕೇಳದಿದ್ದರೆ ಅಂಕಿಗೆ ಅರ್ಥವೇ ಇಲ್ಲ. ಭಾರತದ ಎತ್ತರಗಳನ್ನು ಸರಾಸರಿ ಸಮುದ್ರಮಟ್ಟದಿಂದ ಎಣಿಸುವುದು ಪದ್ಧತಿ. 1909ರಲ್ಲಿ ದೇಶದ ಮಟ್ಟದ ಜಾಲವನ್ನು ಹೊಂದಿಸುವಾಗ ಒಂಬತ್ತು ಬಂದರುಗಳ ಸಮುದ್ರಮಟ್ಟವನ್ನು ಆಧಾರವಾಗಿ ಹಿಡಿದರು. ಅವುಗಳಲ್ಲಿ ಮುಂಬಯಿಯೂ ಒಂದು, ನಮ್ಮ ಕಾರವಾರವೂ ಒಂದು.

ಆದರೆ ವ್ಯವಹಾರದಲ್ಲಿ ಬೇರೆ ಬೇರೆ ಸೊನ್ನೆಗಳು ಬಳಕೆಯಲ್ಲಿವೆ. ಪತ್ರಿಕೆಯಲ್ಲಿ ಬರುವ ಸಮುದ್ರದ ಉಬ್ಬರದ ಅಂಕಿ ನಾವಿಕರ ಸೊನ್ನೆಯಿಂದ ಎಣಿಸಿದ್ದು. ಮುಂಬಯಿ ಬಂದರಿನಲ್ಲಿ ಸರಾಸರಿ ಸಮುದ್ರಮಟ್ಟವೇ ಆ ಸೊನ್ನೆಗಿಂತ ಸುಮಾರು ಎರಡೂವರೆ ಮೀಟರ್ ಮೇಲಿದೆ. 2005ರ ಆ ಜುಲೈ 26ರ ಮಧ್ಯಾಹ್ನದ ಉಬ್ಬರ 4.48 ಮೀಟರ್. ನಮ್ಮ ಕಟ್ಟಡದ ಅಂಗಳ ಸಮುದ್ರಮಟ್ಟದಿಂದ 3.00 ಮೀಟರ್ ಎಂದು ನಕ್ಷೆ ಹೇಳಿದರೆ, 4.48ಕ್ಕಿಂತ ಕೆಳಗಿದ್ದೇವೆಂದು ಎದೆಗುಂದಬೇಕಾಗಿಲ್ಲ. ಆ ಉಬ್ಬರ ಸಮುದ್ರಮಟ್ಟದಿಂದ ಎಣಿಸಿದರೆ ಸುಮಾರು 2 ಮೀಟರ್ ಮಾತ್ರ. ಖಾಡಿಯ ಒಳಗೆ ಉಬ್ಬರ ಬಂದರಿನಷ್ಟೇ ಇರುತ್ತದೆಂದೇನೂ ಇಲ್ಲ. ಮೇಲಾಗಿ ಉಬ್ಬರದ ಹೊತ್ತಿನಲ್ಲಿ ಮಳೆನೀರು ಖಾಡಿಗೆ ಹೋಗಲಾರದೆ ಹಿಂದೆ ನಿಲ್ಲುತ್ತದೆ. ಆದ್ದರಿಂದ ಆ ಒಂದು ಮೀಟರ್ ಅಂತರವನ್ನು ನಿರ್ಭಯವೆಂದು ತಿಳಿಯಬಾರದು. ಆದರೂ ಹೋಲಿಕೆ ಸರಿಯಾದ ಸೊನ್ನೆಯಿಂದಲೇ ಆರಂಭವಾಗಬೇಕು.

ಇನ್ನು ಕೆಲವು ಕಡೆ ಗೇಟಿನ ಬಳಿಯ ಒಂದು ಕಲ್ಲಿಗೆ 100.000 ಎಂದು ಹೆಸರಿಟ್ಟು ಅಳತೆ ಆರಂಭಿಸುತ್ತಾರೆ. ಒಂದು ನಿವೇಶನದ ಒಳಗಿನ ಕೆಲಸಕ್ಕೆ ಇದು ನಡೆಯುತ್ತದೆ. ಆದರೆ ಆ ನಕ್ಷೆಯನ್ನು ಪಕ್ಕದ ನಾಲಾದ ನಕ್ಷೆಯೊಡನೆ ಹೋಲಿಸುವಂತಿಲ್ಲ. ಉಪಗ್ರಹಗಳ ನೆರವಿನಿಂದ ಅಳೆಯುವ ಜಿಪಿಎಸ್ ಯಂತ್ರದ ಸೊನ್ನೆಯೂ ಬೇರೆ. ಭೂಮಿಯನ್ನು ಒಂದು ನಯವಾದ ದೀರ್ಘಗೋಳವೆಂದು ಭಾವಿಸಿ ಅದು ಎತ್ತರ ಹೇಳುತ್ತದೆ. ಠಾಣೆಯ ಸುತ್ತ ಆ ಸೊನ್ನೆಗೂ ಸಮುದ್ರಮಟ್ಟಕ್ಕೂ 60 ಮೀಟರಿಗಿಂತ ಹೆಚ್ಚು ಅಂತರ. ಬೆಂಗಳೂರಿನಲ್ಲಿ 80 ಮೀಟರಿಗಿಂತ ಹೆಚ್ಚು. ತಿದ್ದದೆ ತಂದ ಪಟ್ಟಿ ಕೋಪರಿಯ ಬೀದಿಗಳನ್ನು ಸಮುದ್ರದ ತಳದಲ್ಲಿ ಕೂಡಿಸಿಬಿಡುತ್ತದೆ! ಅಷ್ಟು ದೊಡ್ಡ ತಪ್ಪು ಯಾರ ಕಣ್ಣಿಗೂ ಬೀಳುತ್ತದೆ. ಒಂದೆರಡು ಮೀಟರಿನ ತಪ್ಪು ಬೀಳುವುದಿಲ್ಲ. ಅಪಾಯ ಇರುವುದು ಅಲ್ಲಿ.

4. ಅಂಕಿಗಳ ಪಟ್ಟಿ

ಬಯಲಿನ ಕೆಲಸ ಮುಗಿದ ಮೇಲೆ ಯಂತ್ರದಿಂದ ಒಂದು ಪಟ್ಟಿ ಹೊರಬರುತ್ತದೆ. ಒಂದೊಂದು ಸಾಲಿನಲ್ಲಿ ಐದು ಮಾತು: ಬಿಂದುವಿನ ಕ್ರಮಸಂಖ್ಯೆ, ಉತ್ತರದ ಅಂಕಿ, ಪೂರ್ವದ ಅಂಕಿ, ಎತ್ತರ, ಗುರುತು. ಉದಾಹರಣೆಗೆ:

101, 2121890.312, 286610.775, 4.130, ರಸ್ತೆ ಅಂಚು

ಉತ್ತರದ ಅಂಕಿ ಭೂಮಧ್ಯರೇಖೆಯಿಂದ ಎಣಿಸಿದ ಮೀಟರು. ಕೋಪರಿಯಲ್ಲಿ ಅದು 21 ಲಕ್ಷದ ಮೇಲೆ ಇರುತ್ತದೆ. ಪೂರ್ವದ ಅಂಕಿ ಮೂರು ಲಕ್ಷದ ಒಳಗೆ. ಲೋಕವನ್ನು 60 ಪಟ್ಟೆಗಳಾಗಿ ಸೀಳಿರುವ ಯುಟಿಎಂ ಪದ್ಧತಿಯ ಅಂಕಿಗಳಿವು. ಠಾಣೆ, ಧಾರವಾಡ, ಮಂಗಳೂರು, ಬೆಂಗಳೂರು ಎಲ್ಲವೂ 43ನೆಯ ಪಟ್ಟೆಯಲ್ಲಿವೆ. ಉತ್ತರವನ್ನು ಪೂರ್ವವೆಂದೂ ಪೂರ್ವವನ್ನು ಉತ್ತರವೆಂದೂ ಅದಲುಬದಲು ಮಾಡಿ ಕಂಪ್ಯೂಟರಿಗೆ ಕೊಟ್ಟರೆ ನಕ್ಷೆ ಕನ್ನಡಿಯಲ್ಲಿ ಕಂಡಂತೆ ಮಗುಚುತ್ತದೆ. ಅದೂ ನೋಡಲು ಅಂದವಾಗಿಯೇ ಇರುತ್ತದೆ! ಆದ್ದರಿಂದ ಮೊದಲ ಹತ್ತು ಸಾಲುಗಳನ್ನು ಕಣ್ಣಾರೆ ಓದದೆ ಮುಂದುವರಿಯಬಾರದು. ಗುಮಾಸ್ತರಾಗಿ ಲೆಜರು ಬರೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗುರುತಿನ ಕಲಂ ಬಹಳ ಬೆಲೆಯುಳ್ಳದ್ದು. ‘ರಸ್ತೆ ಅಂಚು’, ‘ನಾಲಾ ತಳ’, ‘ಕಂಬ’, ‘ಮರ’ ಎಂದು ಬಯಲಿನಲ್ಲೇ ಬರೆದಿಟ್ಟರೆ ಕಚೇರಿಯಲ್ಲಿ ಕುಳಿತವನು ಊಹಿಸಬೇಕಾಗುವುದಿಲ್ಲ.

5. ತ್ರಿಕೋನಗಳ ಬಲೆ

ಈ ಪಟ್ಟಿಯನ್ನು ಕ್ಯಾಡ್ ತಂತ್ರಾಂಶದೊಳಗೆ ತರುತ್ತಾರೆ. ಕ್ಯಾಡ್ ಎಂದರೆ ಕಂಪ್ಯೂಟರಿನ ನೆರವಿನಿಂದ ನಕ್ಷೆ ಬರೆಯುವ ಸಾಧನ. 1982ರ ಕೊನೆಯಲ್ಲಿ ಹೊರಬಂದ ಆಟೋಕ್ಯಾಡ್ ಸಣ್ಣ ಕಂಪ್ಯೂಟರುಗಳ ಮೇಲೆ ಈ ಕೆಲಸವನ್ನು ರೂಢಿಗೆ ತಂದಿತು. ಮೋಜಣಿಯ ಅಂಕಿಗಳಿಂದ ನೆಲದ ಮಾದರಿ ಕಟ್ಟಲು ಅದೇ ಸಂಸ್ಥೆಯ ಸಿವಿಲ್ 3ಡಿ ಬಳಕೆಯಲ್ಲಿದೆ. ಹಣ ಕೊಡದೆ ಕಲಿಯಬೇಕೆನ್ನುವವರು ಕ್ಯೂಜಿಐಎಸ್ ಎಂಬ ತಂತ್ರಾಂಶದಿಂದ ಕಾಂಟೂರ್ ಬರೆಯುವ ಅಭ್ಯಾಸ ಮಾಡಬಹುದು.

ಕಂಪ್ಯೂಟರ್ ಮೊದಲು ಬಿಂದುಗಳನ್ನು ಮೂರು ಮೂರರಂತೆ ಸೇರಿಸಿ ತ್ರಿಕೋನಗಳ ಬಲೆ ನೇಯುತ್ತದೆ. ಯಾವ ಮೂರನ್ನು ಸೇರಿಸಬೇಕೆಂಬುದಕ್ಕೆ ರಷ್ಯದ ಗಣಿತಜ್ಞ ಬೋರಿಸ್ ಡೆಲೋನೆ 1934ರಲ್ಲಿ ಪ್ರಕಟಿಸಿದ ನಿಯಮವಿದೆ: ತ್ರಿಕೋನದ ಮೂರು ಮೂಲೆಗಳ ಮೂಲಕ ಒಂದು ವೃತ್ತ ಎಳೆದರೆ ಅದರೊಳಗೆ ಬೇರೊಂದು ಬಿಂದು ಇರಬಾರದು. ಹೀಗೆ ಮಾಡಿದರೆ ಸೀಳುಸೀಳಾದ ತ್ರಿಕೋನಗಳು ಕಡಿಮೆಯಾಗಿ, ಹತ್ತಿರದ ಬಿಂದುಗಳು ಹತ್ತಿರದವುಗಳೊಡನೆ ಕೂಡಿಕೊಳ್ಳುತ್ತವೆ.

ಆಮೇಲೆ ತ್ರಿಕೋನದ ಒಂದೊಂದು ಬದಿಯ ಮೇಲೂ ಕಾಂಟೂರ್ ಎಲ್ಲಿ ಹಾಯುತ್ತದೆಂದು ತ್ರೈರಾಶಿಕದಿಂದ ಕಂಡುಹಿಡಿಯುತ್ತದೆ. ಒಂದು ತುದಿಯ ಎತ್ತರ 3.20, ಇನ್ನೊಂದರದು 4.60, ನಡುವಿನ ದೂರ 14 ಮೀಟರ್ ಇರಲಿ. 4.00ರ ಗೆರೆ ಎಲ್ಲಿ? ಒಟ್ಟು ಏರು 1.40, 4.00ಕ್ಕೆ ಬೇಕಾದ ಏರು 0.80. ಆದ್ದರಿಂದ 14ನ್ನು 0.80ರಿಂದ ಗುಣಿಸಿ 1.40ರಿಂದ ಭಾಗಿಸಿದರೆ 8 ಮೀಟರ್. ಶಾಲೆಯ ಹುಡುಗನೂ ಮಾಡುವ ಲೆಕ್ಕ. ಕಂಪ್ಯೂಟರ್ ಅದನ್ನು ಕ್ಷಣದಲ್ಲಿ ಸಾವಿರಾರು ಸಲ ಮಾಡುತ್ತದೆ. ಹೀಗೆ ದೊರೆತ ಚುಕ್ಕೆಗಳನ್ನು ಕೂಡಿಸಿದರೆ ಗೆರೆ.

6. ಯಂತ್ರಕ್ಕೆ ಕಾಣದ ನಾಲಾ

ಇಲ್ಲಿಯೇ ದೊಡ್ಡ ಮೋಸ ನಡೆಯುವುದು. ನಾಲಾದ ಎರಡು ದಡಗಳ ಎತ್ತರ 4.00, ತಳ 2.50 ಎಂದಿಟ್ಟುಕೊಳ್ಳಿ. ದಡದ ಮೇಲೆ ಬಿಂದುಗಳು ದಟ್ಟವಾಗಿವೆ. ತಳದಲ್ಲಿ ಕೆಸರೆಂದು ಇಪ್ಪತ್ತು ಮೀಟರಿಗೊಂದು ಬಿಂದು ಮಾತ್ರ ತೆಗೆದಿದ್ದಾರೆ. ಕಂಪ್ಯೂಟರಿಗೆ ಇದು ನಾಲಾ ಎಂದು ಗೊತ್ತಿಲ್ಲ. ಹತ್ತಿರದ ಬಿಂದು ಎದುರಿನ ದಡದ್ದೇ ಆದ್ದರಿಂದ ಅದು ಈ ದಡವನ್ನು ಆ ದಡಕ್ಕೆ ಸೇರಿಸಿ ತ್ರಿಕೋನ ಕಟ್ಟುತ್ತದೆ. ನಕ್ಷೆಯಲ್ಲಿ ನಾಲಾ ತುಂಡುತುಂಡಾಗಿ, ನಡುನಡುವೆ 4.00 ಮೀಟರಿನ ಒಡ್ಡು ಕಟ್ಟಿದಂತೆ ಕಾಣುತ್ತದೆ. ನೆಲದ ಮೇಲೆ ಅಂಥ ಒಡ್ಡು ಒಂದೂ ಇಲ್ಲ! ಹರಿವ ನಾಲಾ ಹೊಂಡಗಳ ಸಾಲಾಗಿ ಕಂಡುದರಿಂದ, ಅದನ್ನು ತುಂಬಿಬಿಡಬಹುದೆಂದು ಯೋಜಕರು ತೀರ್ಮಾನಿಸಿದರೆ ಮುಂದಿನ ಮಳೆಗಾಲದಲ್ಲಿ ನೀರು ಎಲ್ಲಿಗೆ ಹೋಗಬೇಕು?

ಇದಕ್ಕೆ ಪರಿಹಾರ ಬ್ರೇಕ್‌ಲೈನ್ ಎಂಬ ಅಂಚುಗೆರೆ. ದಡದ ಬಿಂದುಗಳನ್ನು ದಡದ ಉದ್ದಕ್ಕೂ, ತಳದ ಬಿಂದುಗಳನ್ನು ತಳದ ಉದ್ದಕ್ಕೂ ನಾವೇ ಗೆರೆ ಎಳೆದು ಕೂಡಿಸಿ, ‘ಈ ಗೆರೆಯನ್ನು ಯಾವ ತ್ರಿಕೋನವೂ ದಾಟಬಾರದು’ ಎಂದು ಕಂಪ್ಯೂಟರಿಗೆ ವಿಧಿಸಬೇಕು. ಆಗ ನಾಲಾ ನಾಲಾ ಆಗಿಯೇ ಉಳಿಯುತ್ತದೆ. ರಸ್ತೆಯ ಅಂಚು, ತಡೆಗೋಡೆ, ರೈಲಿನ ಏರಿ, ಕೆರೆಯ ಕಟ್ಟೆ ಇವೆಲ್ಲಕ್ಕೂ ಅಂಚುಗೆರೆ ಬೇಕು. ಹಾಗೆಯೇ ಅಳತೆ ಮಾಡಿದ ಪ್ರದೇಶದ ಸುತ್ತ ಒಂದು ಎಲ್ಲೆಗೆರೆ ಹಾಕದಿದ್ದರೆ, ಹೊರ ಅಂಚಿನ ದೂರದೂರದ ಬಿಂದುಗಳನ್ನು ಕೂಡಿಸಿ, ನಾವು ಕಾಲೇ ಇಡದ ನೆಲಕ್ಕೂ ಅದು ಕಾಂಟೂರ್ ಬರೆದುಕೊಡುತ್ತದೆ.

ಈ ಅಂಚುಗೆರೆಗಳನ್ನು ಎಳೆಯಬೇಕಾದರೆ ನೆಲ ಹೇಗಿದೆಯೆಂದು ಬಲ್ಲವರು ಬೇಕು. ಯಂತ್ರ ಎಷ್ಟು ಮುಂದುವರಿದರೂ ಈ ತಿಳಿವಳಿಕೆ ಬಯಲಿಗೆ ಹೋಗಿ ಬಂದವನಿಂದಲೇ ಬರಬೇಕು. ನಮ್ಮ ತರುಣರು ತಂತ್ರಾಂಶದ ಗುಂಡಿಗಳನ್ನು ಒತ್ತಲು ಮಾತ್ರ ಕಲಿತು ತೃಪ್ತರಾಗಬಾರದೆಂದು ನಾವು ಒತ್ತಿ ಹೇಳುವುದು ಈ ಕಾರಣಕ್ಕೆ. ಗುಂಡಿ ಒತ್ತುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಬಿಂದುಗಳ ಪಟ್ಟಿ ನೋಡಿ ‘ಇಲ್ಲಿ ನಾಲಾದ ತಳ ಬಿಟ್ಟುಹೋಗಿದೆ, ಮತ್ತೆ ಹೋಗಿ ತೆಗೆಯಬೇಕು’ ಎಂದು ಹೇಳಬಲ್ಲವನಿಗೆ ಕೆಲಸದಲ್ಲಿ ಬೆಲೆ.

7. ಹಾಳೆಗೆ ಇಳಿಸುವುದು

ಗೆರೆಗಳು ಬಂದ ಮೇಲೆ ಅವುಗಳನ್ನು ಓದಲು ಬರುವಂತೆ ಜೋಡಿಸಬೇಕು. ಕ್ಯಾಡ್‌ನಲ್ಲಿ ಒಂದರ ಮೇಲೊಂದು ಗಾಜಿನ ಹಾಳೆಗಳಂತೆ ಪದರಗಳಿರುತ್ತವೆ: ಕಾಂಟೂರಿಗೆ ಒಂದು, ರಸ್ತೆಗೆ ಒಂದು, ಕಟ್ಟಡಕ್ಕೆ ಒಂದು, ಮರಗಳಿಗೆ ಒಂದು. ಬೇಕಾದ್ದನ್ನು ತೋರಿಸಿ ಬೇಡವಾದ್ದನ್ನು ಮರೆಮಾಡಬಹುದು.

ಕಾಂಟೂರುಗಳ ನಡುವಿನ ಎತ್ತರದ ಅಂತರ ನೆಲಕ್ಕೆ ತಕ್ಕಂತಿರಬೇಕು. ಸಹ್ಯಾದ್ರಿಯ ಘಟ್ಟಕ್ಕೆ 5 ಮೀಟರಿನ ಅಂತರ ಸಾಕಾದೀತು. ಖಾಡಿಯ ಬದಿಯ ಚಪ್ಪಟೆ ನೆಲದಲ್ಲಿ ಅದೇ ಅಂತರ ಇಟ್ಟರೆ ಒಂದು ಗೆರೆಯೂ ಬಾರದೆ ಹೋಗಬಹುದು. ಇಲ್ಲಿ ಅರ್ಧ ಮೀಟರ್, ಕಾಲು ಮೀಟರ್ ಬೇಕು. ಗೆರೆಗಳನ್ನು ನಯವಾಗಿ ಬಾಗಿಸುವ ಸೌಕರ್ಯವೂ ತಂತ್ರಾಂಶದಲ್ಲಿ ಉಂಟು; ಅತಿಯಾದರೆ ಒಂದು ಕಾಂಟೂರ್ ಇನ್ನೊಂದನ್ನು ದಾಟುತ್ತದೆ. ಒಂದು ಅಂಗಳ ಏಕಕಾಲಕ್ಕೆ 3.50 ಮೀಟರೂ 4.00 ಮೀಟರೂ ಆಗಲಾರದಷ್ಟೆ.

ಅಕ್ಷರಗಳ ಗಾತ್ರಕ್ಕೂ ಲೆಕ್ಕವಿದೆ. 1:500 ಪ್ರಮಾಣದ ನಕ್ಷೆಯಲ್ಲಿ ಹಾಳೆಯ ಮೇಲೆ 2 ಮಿಲಿಮೀಟರ್ ಎತ್ತರದ ಅಕ್ಷರ ಬೇಕಾದರೆ ಕಂಪ್ಯೂಟರಿನ ನೆಲದ ಮೇಲೆ ಅದು 1 ಮೀಟರ್ ಇರಬೇಕು. ಕೊನೆಗೆ ಉತ್ತರ ದಿಕ್ಕು, ಪ್ರಮಾಣ, ಚಿಹ್ನೆಗಳ ವಿವರ, ಅಳತೆಯ ದಿನಾಂಕ, ಎತ್ತರದ ಸೊನ್ನೆ, ಪಟ್ಟೆಯ ಸಂಖ್ಯೆ, ಇಷ್ಟನ್ನೂ ಮೂಲೆಯ ಚೌಕದಲ್ಲಿ ಬರೆಯಬೇಕು. ಇವಿಲ್ಲದ ನಕ್ಷೆ ವಿಳಾಸವಿಲ್ಲದ ಕಾಗದದಂತೆ.

8. ಸಹಿ ಹಾಕುವ ಮುನ್ನ

ಸಭೆಯಲ್ಲಿ ನಕ್ಷೆ ಎದುರಿಗೆ ಬಂದಾಗ ನಾವು ನಾಲ್ಕು ಪ್ರಶ್ನೆ ಕೇಳಬಹುದು. ಸೊನ್ನೆ ಯಾವುದು? ಯಾವ ಮಟ್ಟದ ಕಲ್ಲಿನಿಂದ ಎತ್ತರ ತಂದಿರಿ? ನಾಲಾ, ಗಟಾರ, ರಸ್ತೆಗಳಿಗೆ ಅಂಚುಗೆರೆ ಕೊಟ್ಟಿದ್ದೀರಾ? ನಕ್ಷೆ ಬರೆದ ಮೇಲೆ, ಅದರಲ್ಲಿ ಬಳಸದ ಕೆಲವು ಬಿಂದುಗಳನ್ನು ಬೇರೆಯಾಗಿ ಅಳೆದು ತಾಳೆ ನೋಡಿದ್ದೀರಾ? ಒಳ್ಳೆಯ ಮೋಜಣಿದಾರರು ಈ ಪ್ರಶ್ನೆಗಳಿಂದ ಬೇಸರಗೊಳ್ಳುವುದಿಲ್ಲ. ಉತ್ತರ ಅವರ ಕಡತದಲ್ಲಿಯೇ ಇರುತ್ತದೆ.

ಐದನೆಯ ಪರೀಕ್ಷೆಯನ್ನು ನಾವೇ ಮಾಡಬಹುದು. ಜೋರು ಮಳೆ ಬಂದು ನಿಂತ ಮೇಲೆ ನಕ್ಷೆಯ ಪ್ರತಿಯನ್ನು ಹಿಡಿದು ಅಂಗಳದಲ್ಲಿ ಒಂದು ಸುತ್ತು ಹಾಕಬೇಕು. ನೀರು ತಗ್ಗಿಗೆ ಹರಿಯುತ್ತದೆ; ಅದಕ್ಕೆ ದಾಕ್ಷಿಣ್ಯವಿಲ್ಲ. ನಕ್ಷೆ ತೋರಿಸಿದ ತಗ್ಗಿನಲ್ಲಿ ನೀರು ನಿಂತಿದ್ದರೆ ಸಂತೋಷ. ನಕ್ಷೆ ದಿಬ್ಬವೆಂದು ಹೇಳಿದ ಕಡೆ ನೀರು ನಿಂತಿದ್ದರೆ, ಗಟಾರ ಕಟ್ಟಿಕೊಂಡಿದೆಯೇ ಎಂದು ಮೊದಲು ನೋಡಿ, ಇಲ್ಲವಾದರೆ ಆ ಭಾಗವನ್ನು ಮತ್ತೆ ಅಳೆಯಿರೆಂದು ಲಿಖಿತವಾಗಿ ಕೇಳಬೇಕು. ಪ್ಲಿಂತ್ ಏರಿಸುವ ಖರ್ಚು ಕಟ್ಟುವ ಮುನ್ನ ಅಲ್ಪ. ಕಟ್ಟಿದ ಮೇಲೆ ಅದು ಸಾಧ್ಯವೇ ಇಲ್ಲ.

ಅಭ್ಯಾಸ

ಎರಡು ಬಿಂದುಗಳ ಎತ್ತರ 2.80 ಮತ್ತು 3.55 ಮೀಟರ್, ನಡುವಿನ ದೂರ 15 ಮೀಟರ್. 3.00 ಮತ್ತು 3.50ರ ಕಾಂಟೂರುಗಳು ತಗ್ಗಿನ ಬಿಂದುವಿನಿಂದ ಎಷ್ಟು ದೂರದಲ್ಲಿ ಹಾಯುತ್ತವೆ? ಚೌಕದ ಹಾಳೆ, ಪೆನ್ಸಿಲು ಹಿಡಿದು ಮೊದಲು ಕೈಯಿಂದ ಬಿಡಿಸಿ ನೋಡಬೇಕು, ಕಂಪ್ಯೂಟರ್ ಆಮೇಲೆ. ಉತ್ತರ: 4 ಮೀಟರ್ ಮತ್ತು 14 ಮೀಟರ್.